ಬಾಲದಲ್ಲಿ ಕೂದಲೇ ಇಲ್ಲದ ಈ ಪ್ರಾಣಿ ನರಿಯಾ, ನಾಯಿಯಾ, ಇಲ್ಲಾ ಎರಡರ ಮಿಶ್ರತಳಿಯಾ?

ಬಯಲಂಚು:

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದೇನೆ. ಮೊಲ, ಬೆಕ್ಕು, ಆಗಾಗ ಕೆಂಪು ನರಿ ಸಿಗುತ್ತವೆ. ಇತ್ತೀಚೆಗೆ ಒಂದು ಹೊಸ ಪ್ರಾಣಿ ಬರುತ್ತಿದೆ. ಫೋಟೋ ಹಾಕಿದ್ದೇನೆ, ನೋಡಿ.

ಮೈ ತೆಳ್ಳಗೆ, ಕಾಲು ಉದ್ದ. ಕಿವಿ ಮುಖಕ್ಕಿಂತ ದೊಡ್ಡದು ಅನ್ನಿಸುತ್ತದೆ. ಬಾಲದಲ್ಲಿ ಕೂದಲಿಲ್ಲ, ತುದಿಯಲ್ಲಿ ಮಾತ್ರ ಒಂದು ಚಿಕ್ಕ ಕುಚ್ಚು ಉಳಿದಿದೆ. ಬಣ್ಣ ಬೂದಿಯ ಹಾಗೆ. ಮೂತಿ ನೋಡಿದರೆ ನರಿ, ನಡುಭಾಗ ನೋಡಿದರೆ ಬೀದಿನಾಯಿ. ಪಕ್ಕದ ಮನೆಯವರು "ಇದು ನರಿಗೂ ನಾಯಿಗೂ ಹುಟ್ಟಿದ್ದು, ಅನುಮಾನವೇ ಬೇಡ" ಅನ್ನುತ್ತಾರೆ. ಅವರ ತಮ್ಮ ಕಾಡುನಾಯಿ ಅನ್ನುತ್ತಾರೆ. ಮೊನ್ನೆ ಹಾಡಹಗಲೇ ಬಂದು ಬೇಲಿ ಪಕ್ಕ ಬಿಸಿಲಿಗೆ ಮಲಗಿತ್ತು. ನಾನು ಹತ್ತಿರ ಹೋದರೂ ತಕ್ಷಣ ಏಳಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಇದು ಏನು? ನರಿ, ನಾಯಿ ಕೂಡಿ ಮರಿ ಹಾಕುವುದು ಸಾಧ್ಯವಾ? ಹಗಲು ಹೊತ್ತು ಹೆದರದೆ ಬಂದಿದೆ ಅಂದರೆ ರೇಬಿಸ್ ಇರಬಹುದಾ? ಮನೆಯಲ್ಲಿ ನಾಯಿ ಇದೆ, ದಿನಾ ಅದೇ ಬೇಲಿ ಮೂಸುತ್ತದೆ. ಅದಕ್ಕೇ ಚಿಂತೆ.

ನಾಲ್ಕುಕಾಲು:

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಕೆಂಪು ನರಿಗೂ ನಾಯಿಗೂ ಮರಿ ಹುಟ್ಟುವುದಿಲ್ಲ. ನಾಯಿಗೆ 78 ಕ್ರೋಮೋಸೋಮ್ ಇವೆ. ತೋಳಕ್ಕೂ, ಗುಳ್ಳೆನರಿಗೂ (ಜಾಕಲ್) 78. ಅದಕ್ಕೇ ನಾಯಿ, ತೋಳ ಕೂಡುತ್ತವೆ, ಅವುಗಳ ಮರಿಗಳೂ ಮರಿ ಹಾಕುತ್ತವೆ. ಕೆಂಪು ನರಿಗೆ ಇರುವುದು 34, ಅದರ ಜೊತೆ ಕೆಲವು ಪುಟಾಣಿ ಹೆಚ್ಚುವರಿ ತುಣುಕುಗಳು. ಇವೆರಡರ ವಂಶ ಬೇರೆಯಾಗಿ ಒಂದು ಕೋಟಿ ವರ್ಷದ ಆಸುಪಾಸು ಆಗಿದೆ.

ಬ್ರೆಜಿಲ್‌ನಲ್ಲಿ ಸಿಕ್ಕಿದ ಪ್ರಾಣಿಯ ಕಥೆಯನ್ನು ಯಾರಾದರೂ ಎತ್ತಬಹುದು. 2021ರಲ್ಲಿ ವಾಹನ ತಾಗಿ ಗಾಯಗೊಂಡ ಒಂದು ಹೆಣ್ಣು ಸಿಕ್ಕಿತ್ತು. ಪರೀಕ್ಷೆ ಮಾಡಿದಾಗ 76 ಕ್ರೋಮೋಸೋಮ್, ಅಂದರೆ ನಿಜವಾದ ಮಿಶ್ರತಳಿ. ಆದರೆ ಅದರ ತಾಯಿ ಪಂಪಾಸ್ ನರಿ. ಹೆಸರಿಗೆ ನರಿ, ವಂಶದಲ್ಲಿ ತೋಳ, ನಾಯಿಗಳ ಕಡೆಯದು, 74 ಕ್ರೋಮೋಸೋಮ್. ಅದು ದಕ್ಷಿಣ ಅಮೆರಿಕದಲ್ಲಿ ಮಾತ್ರ ಇರುವುದು. ಕೆಂಪು ನರಿಗೆ ಆ ಲೆಕ್ಕ ಹೊಂದುವುದಿಲ್ಲ.

ಹೆಜ್ಜೆಜಾಡು:

ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಇದು ಕೆಂಪು ನರಿಯೇ. ಮಿಶ್ರತಳಿ ಅಲ್ಲ, ಕಾಡುನಾಯಿಯೂ ಅಲ್ಲ. ಕಜ್ಜಿ ಹಿಡಿದ ನರಿ.

ಗಾಯಗೊಂಡ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಕಡೆ ನಾನು ಕೆಲಸ ಮಾಡುತ್ತೇನೆ. ಇಂಥ ಫೋಟೋ ಕಳಿಸಿ "ಇದ್ಯಾವ ಪ್ರಾಣಿ" ಅಂತ ಕೇಳುವವರು ಬಹಳ. ವಿಚಿತ್ರ ಮಿಶ್ರತಳಿ ಅಂತ ಊರೆಲ್ಲ ಸುದ್ದಿಯಾಗಿದ್ದು ಹೆಚ್ಚಿನ ಸಲ ಕೂದಲು ಕಳೆದುಕೊಂಡ ನರಿಯೇ ಆಗಿರುತ್ತದೆ. ಅದನ್ನು ಕಂಡು ಜನ ಕಲ್ಲು ಹೊಡೆಯುತ್ತಾರೆ, ಅದೇ ನನಗೆ ಸಂಕಟ. ಕಾಯಿಲೆ ಬಿದ್ದ ಪ್ರಾಣಿಗೆ ಅದು ಇನ್ನೊಂದು ಪೆಟ್ಟು.

ನಾಯಿಯ ಹಾಗೆ ಯಾಕೆ ಕಾಣುತ್ತದೆ ಅಂದರೆ, ನಾವು ನೋಡುವ ನರಿಯಲ್ಲಿ ಅರ್ಧದಷ್ಟು ಬರೀ ಕೂದಲು. ದೊಡ್ಡದಾಗಿ ಕಾಣುವ ಕೆಂಪು ನರಿ ಎತ್ತಿದರೆ ಸಾಮಾನ್ಯವಾಗಿ ಐದರಿಂದ ಏಳು ಕಿಲೋ, ಅಷ್ಟೇ. ಮೊದಲ ಸಲ ಕೈಗೆತ್ತಿಕೊಂಡವರೆಲ್ಲ "ಇಷ್ಟು ಹಗುರವಾ" ಅನ್ನುತ್ತಾರೆ. ಆ ದಪ್ಪ ತುಪ್ಪಳ ಉದುರಿದ ಮೇಲೆ ಒಳಗಿದ್ದದ್ದು ಹೊರಗೆ ಕಾಣುತ್ತದೆ. ಸಪೂರ ಸೊಂಟ, ಉದ್ದ ಕಾಲು, ದೊಡ್ಡ ಕಿವಿ. ಬಾಲವಂತೂ ಗುರುತೇ ಸಿಗುವುದಿಲ್ಲ.

ಹಾಗಾಗಿ ಬಣ್ಣವನ್ನೂ ಬಾಲವನ್ನೂ ಬದಿಗಿಡಿ. ಕಜ್ಜಿ ಬಂದರೂ ಬದಲಾಗದ್ದನ್ನು ನೋಡಿ. ನಿಮ್ಮ ಮೂರನೇ ಫೋಟೋದಲ್ಲಿ ಪ್ರಾಣಿ ತಲೆ ತಿರುಗಿಸಿದೆ. ಕಿವಿಯ ಹಿಂಭಾಗ ಕಪ್ಪಗಿದೆ, ನೋಡಿ. ಮುಂಗಾಲು ಮೊಣಕಾಲಿನಿಂದ ಕೆಳಗೆ ಕಪ್ಪು. ಬಾಲದ ತುದಿಯಲ್ಲಿ ಉಳಿದಿರುವ ಆ ಕುಚ್ಚು ಬಿಳಿ. ಈ ಮೂರೂ ಒಟ್ಟಿಗೆ ಇದ್ದರೆ ಕೆಂಪು ನರಿ ಅಂತ ಧೈರ್ಯವಾಗಿ ಹೇಳಬಹುದು. ಮೂತಿಯೂ ನೋಡಿ. ನಾಯಿಗೆ ಹಣೆಯಿಂದ ಮೂತಿಗೆ ಇಳಿಯುವಲ್ಲಿ ಒಂದು ಮೆಟ್ಟಿಲು ಇರುತ್ತದೆ. ನರಿಯಲ್ಲಿ ಅದು ಅಷ್ಟು ಎದ್ದು ಕಾಣುವುದಿಲ್ಲ, ಸಲೀಸಾಗಿ ಇಳಿದು ಚೂಪಾಗುತ್ತದೆ.

ಎತ್ತರ ಅಳೆಯುವುದೂ ಸುಲಭ. ಪ್ರಾಣಿ ನಿಂತಿದ್ದ ಜಾಗದ ಬೇಲಿ ಕಂಬಕ್ಕೆ ಟೇಪ್ ಹಿಡಿದು, ಭುಜ ಎಲ್ಲಿಗೆ ಬಂದಿದೆ ನೋಡಿ. ಕೆಂಪು ನರಿ ಭುಜದ ಹತ್ತಿರ ಸುಮಾರು 35ರಿಂದ 50 ಸೆಂಟಿಮೀಟರ್.

ಕಣ್ಣಿನ ಬಗ್ಗೆ ಒಂದು ಮಾತು. ನರಿಯ ಕಣ್ಣಿನ ಪಾಪೆ ಬೆಕ್ಕಿನ ಹಾಗೆ ಮೇಲಿಂದ ಕೆಳಗೆ ಸೀಳು, ನಾಯಿಗೂ ತೋಳಕ್ಕೂ ದುಂಡಗೆ. ಇದು ಒಳ್ಳೆಯ ಗುರುತು, ಆದರೆ ಹಗಲಿಗೆ ಮಾತ್ರ. ಕತ್ತಲಲ್ಲಿ ನರಿಯ ಪಾಪೆಯೂ ಅಗಲವಾಗಿ ದುಂಡಗಾಗುತ್ತದೆ. ರಾತ್ರಿಯ ಫೋಟೋದಲ್ಲಿ ಕಣ್ಣು ಹೊಳೆಯುವುದನ್ನು ನೋಡಿ ತೀರ್ಮಾನ ಮಾಡಬೇಡಿ.

ಹೆಜ್ಜೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಮಳೆ ಬಂದ ಮರುದಿನ ಬೇಲಿ ಕೆಳಗಿನ ಮಣ್ಣು ನೋಡಿ. ನರಿಯ ಹೆಜ್ಜೆ ಸಪೂರ, ಉದ್ದ, ಸುಮಾರು ಐದು ಸೆಂಟಿಮೀಟರ್. ನಡುವಿನ ಎರಡು ಬೆರಳು ಉಳಿದೆರಡಕ್ಕಿಂತ ಚೆನ್ನಾಗಿ ಮುಂದಿರುತ್ತವೆ. ಎಷ್ಟು ಮುಂದೆ ಅಂದರೆ, ಹೊರಗಿನ ಬೆರಳುಗಳ ತುದಿಗೂ ನಡುವಿನ ಬೆರಳುಗಳ ಹಿಂಬದಿಗೂ ಮಧ್ಯೆ ಒಂದು ಬೆಂಕಿಕಡ್ಡಿ ಅಡ್ಡ ಇಡಬಹುದು. ಸಾಮಾನ್ಯವಾಗಿ ನಾಯಿಯ ಹೆಜ್ಜೆಯಲ್ಲಿ ಅಷ್ಟು ಜಾಗ ಇರುವುದಿಲ್ಲ, ಅದು ಅಗಲ, ಬೆರಳು ಹರಡಿಕೊಂಡಿರುತ್ತದೆ.

ಒಂದು ಹೆಜ್ಜೆಗಿಂತ ಸಾಲು ನೋಡುವುದು ನನಗೆ ಇಷ್ಟ. ನರಿ ಮುಂಗಾಲು ಇಟ್ಟ ಗುಂಡಿಯಲ್ಲೇ ಹಿಂಗಾಲು ಇಡುತ್ತದೆ. ಸಾಲು ನೂಲು ಹಿಡಿದಂತೆ ನೇರ. ಸಾಕಿದ ನಾಯಿಯ ಸಾಲು ಅಡ್ಡಾದಿಡ್ಡಿ, ಇಲ್ಲಿ ಮೂಸಿ, ಅಲ್ಲಿ ತಿರುಗಿ, ಹಿಂದೆ ಬಂದು, ಮತ್ತೆ ಓಡಿ. ಅದಕ್ಕೆ ಮನೆಯಲ್ಲಿ ಊಟ ಕಾಯುತ್ತಿದೆ, ಶಕ್ತಿ ಉಳಿಸುವ ಗರಜಿಲ್ಲ. ನರಿಗೆ ಪ್ರತಿ ಹೆಜ್ಜೆಗೂ ಲೆಕ್ಕ ಇದೆ.

ಇನ್ನು ರೇಬಿಸ್. ಹಗಲು ಕಂಡ ಮಾತ್ರಕ್ಕೆ ರೇಬಿಸ್ ಅಲ್ಲ. ಮರಿ ಇರುವ ತಾಯಿ ನರಿ ಹಗಲೂ ಬೇಟೆಗೆ ಹೊರಡುತ್ತದೆ. ಕಜ್ಜಿ ಬಂದದ್ದು ಬಿಸಿಲು ಹುಡುಕಿಕೊಂಡು ಬರುತ್ತದೆ, ಯಾಕೆಂದರೆ ಮೈ ಕಾಯಲು ತುಪ್ಪಳ ಇಲ್ಲ. ನಿಮ್ಮದು ಬಿಸಿಲಿಗೆ ಮಲಗಿದ್ದು ಅದಕ್ಕೇ. ಎದ್ದು ಓಡದಿದ್ದದ್ದು ಧೈರ್ಯದಿಂದಲ್ಲ, ನಿತ್ರಾಣದಿಂದ. ತೂರಾಡುವುದು, ಕಾರಣವಿಲ್ಲದೆ ಮೇಲೆ ಬೀಳುವುದು, ಜೊಲ್ಲು ಸುರಿಸುವುದು ಕಂಡರೆ ಮಾತು ಬೇರೆ. ಆಗ ದೂರ ಇದ್ದು ಸಂಬಂಧಪಟ್ಟವರಿಗೆ ತಿಳಿಸಬೇಕು. ಯಾವ ಕಾಡುಪ್ರಾಣಿ ಕಚ್ಚಿದರೂ, ಪರಚಿದರೂ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಬಯಲಂಚು:

ತುಂಬಾ ಉಪಕಾರ ಆಯ್ತು. ಕಂಬ ಅಳೆದೆ, ಭುಜ 40 ಸೆಂಟಿಮೀಟರ್ ಹತ್ತಿರ ಬರುತ್ತದೆ. ಕಿವಿಯ ಹಿಂದಿನ ಕಪ್ಪನ್ನು ನಾನು ಗಮನಿಸಿಯೇ ಇರಲಿಲ್ಲ. ಪಕ್ಕದ ಮನೆಯವರಿಗೂ ತೋರಿಸಿದೆ, ಒಪ್ಪಿದರು.

ಈಗ ಇನ್ನಷ್ಟು ಕೇಳಬೇಕು ಅನ್ನಿಸುತ್ತಿದೆ. ಕಜ್ಜಿ ನಮ್ಮ ನಾಯಿಗೆ ಹತ್ತುತ್ತದಾ? ಔಷಧಿಯನ್ನು ಮಾಂಸದಲ್ಲಿಟ್ಟು ಬೇಲಿ ಹತ್ತಿರ ಹಾಕಬಹುದಾ? ಹಿಡಿದು ಮನೆಯಲ್ಲೇ ಸಾಕಿ ಗುಣ ಮಾಡಿದರೆ? ಒಂದು ವಿಡಿಯೋನೂ ಇದೆ. ಅದು ಸುಮ್ನೆ ನಿಂತು, ತಲೆ ಓರೆ ಮಾಡಿ, ಆಮೇಲೆ ಮೇಲಕ್ಕೆ ನೆಗೆದು ತಲೆಕೆಳಗಾಗಿ ಹುಲ್ಲಿಗೆ ಬಿತ್ತು. ಅದೂ ಕಾಯಿಲೆಯಾ?

ಹೆಜ್ಜೆಜಾಡು:

ವಿಡಿಯೋದಿಂದಲೇ ಶುರು ಮಾಡುತ್ತೇನೆ, ಅದು ನೋಡಿ ನನಗೆ ಖುಷಿಯಾಯಿತು. ಅದು ಕಾಯಿಲೆಯಲ್ಲ, ಇಲಿ ಬೇಟೆ. ಹುಲ್ಲಿನಡಿ ಇಲಿ ಹರಿದಾಡುವ ಸದ್ದು ಕೇಳಿ, ಎಲ್ಲಿದೆ ಅಂತ ಕಿವಿಯಲ್ಲೇ ಗುರಿ ಹಿಡಿಯುತ್ತದೆ. ತಲೆ ಓರೆ ಮಾಡಿದ್ದು ಅದಕ್ಕೆ. ಆಮೇಲೆ ಎತ್ತರಕ್ಕೆ ನೆಗೆದು ಮುಂಗಾಲು, ಮೂತಿ ಒಟ್ಟಿಗೆ ಕೆಳಗಿಳಿಯುತ್ತವೆ. ಪಕ್ಕದಿಂದ ನುಗ್ಗಿದರೆ ಹುಲ್ಲು ಅಲುಗಿ ಇಲಿಗೆ ಸುಳಿವು ಸಿಗುತ್ತದೆ, ಮೇಲಿಂದ ಬಿದ್ದರೆ ಸಿಗುವುದಿಲ್ಲ. ಹಿಮದ ನಾಡುಗಳಲ್ಲಿ ಹಿಮದಡಿಯ ಇಲಿಯನ್ನೂ ಹೀಗೇ ಹಿಡಿಯುತ್ತವೆ. ಚೆಕ್ ದೇಶದ ಸಂಶೋಧಕರು ಇಂಥ ನೆಗೆತಗಳನ್ನು ದಾಖಲಿಸಿ 2011ರಲ್ಲಿ ಪ್ರಕಟಿಸಿದ್ದರು. ಎತ್ತರದ ಹುಲ್ಲಲ್ಲೋ ಹಿಮದಲ್ಲೋ ಇಲಿ ಕಣ್ಣಿಗೆ ಕಾಣದಿದ್ದಾಗ, ಉತ್ತರ–ಈಶಾನ್ಯದ ಕಡೆ ನೆಗೆದವು ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಲ ಗೆದ್ದವು. ಅದರ ನೇರ ಎದುರು ದಿಕ್ಕೂ ಪರವಾಗಿಲ್ಲ. ಬೇರೆ ದಿಕ್ಕುಗಳಲ್ಲಿ ನೂರಕ್ಕೆ ಇಪ್ಪತ್ತೂ ಇಲ್ಲ. ಭೂಮಿಯ ಕಾಂತಕ್ಷೇತ್ರವನ್ನು ದೂರ ಅಂದಾಜಿಗೆ ಬಳಸಿಕೊಳ್ಳುತ್ತವೆ ಅನ್ನುವುದು ಅವರ ಊಹೆ. ನಿಮ್ಮ ನರಿ ಯಾವ ದಿಕ್ಕಿಗೆ ನೆಗೆಯಿತು, ನೋಡಿ ಹೇಳಿ.

ಇಷ್ಟು ಕಾಯಿಲೆಯಲ್ಲೂ ಬೇಟೆಯಾಡುತ್ತಿದೆ ಅನ್ನುವುದು ಒಳ್ಳೆಯ ಲಕ್ಷಣ.

ನಾಯಿಗೆ ಕಜ್ಜಿ ಹತ್ತುತ್ತದೆ. ಇದು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುವ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ. ನರಿ ಮೈ ಉಜ್ಜಿದ ಜಾಗ, ಮಲಗಿದ ಜಾಗದಿಂದಲೂ ಬರಬಹುದು. ಸದ್ಯಕ್ಕೆ ನಿಮ್ಮ ನಾಯಿಯನ್ನು ಆ ಬೇಲಿಯಿಂದ ದೂರ ಇಡಿ. ಕಿವಿಯ ಅಂಚು, ಮೊಣಕೈ, ಹೊಟ್ಟೆ ಕೆರೆದುಕೊಳ್ಳಲು ಶುರು ಮಾಡಿದರೆ ಪಶುವೈದ್ಯರಿಗೆ ತೋರಿಸಿ. ನಾಯಿಗೆ ಇದಕ್ಕೆ ಒಳ್ಳೆಯ ಔಷಧಿ ಇದೆ, ಗುಣವಾಗುತ್ತದೆ. ರೇಬಿಸ್, ಡಿಸ್ಟೆಂಪರ್ ಲಸಿಕೆ ಬಾಕಿ ಇದ್ದರೆ ಇವತ್ತೇ ಹಾಕಿಸಿ, ಅವೆರಡೂ ನರಿ, ನಾಯಿಗಳ ನಡುವೆ ಓಡಾಡುವ ರೋಗಗಳು.

ಮಾಂಸದಲ್ಲಿ ಔಷಧಿ ಇಟ್ಟು ಹಾಕುವುದು ದಯವಿಟ್ಟು ಬೇಡ. ಅದನ್ನು ಯಾವ ಪ್ರಾಣಿ ತಿನ್ನುತ್ತದೆ, ಎಷ್ಟು ತಿನ್ನುತ್ತದೆ ನಿಮಗೆ ಗೊತ್ತಾಗುವುದಿಲ್ಲ. ಕಜ್ಜಿಗೆ ಸಾಮಾನ್ಯವಾಗಿ ಬಳಸುವ ಐವರ್‌ಮೆಕ್ಟಿನ್ ಕೋಲಿ ಜಾತಿಯ ಎಷ್ಟೋ ನಾಯಿಗಳಿಗೆ ವಿಷವಾಗುತ್ತದೆ. ಅವುಗಳಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಔಷಧಿ ಮಿದುಳಿಗೆ ನುಗ್ಗುತ್ತದೆ. ಇನ್ನೊಂದು ತೊಂದರೆ, ಸಿಕ್ಕಿದ ಮಾಂಸವನ್ನೆಲ್ಲ ನರಿ ಅಲ್ಲೇ ತಿನ್ನುವುದಿಲ್ಲ. ಹೆಚ್ಚಾದದ್ದನ್ನು ಒಂದೊಂದು ಗುಂಡಿಗೆ ಒಂದೊಂದರಂತೆ ಹೂತಿಡುತ್ತದೆ. ಮುಂಗಾಲಲ್ಲಿ ತೋಡಿ, ಇಟ್ಟು, ಮೂತಿಯಲ್ಲಿ ಮಣ್ಣು ನೂಕಿ, ಮೇಲೆ ಎಲೆ ಸರಿಸುತ್ತದೆ. ಎದುರೇ ನಿಂತು ನೋಡಿದ್ದರೂ ಜಾಗ ಮತ್ತೆ ಹುಡುಕುವುದು ಕಷ್ಟ. ನೀವು ಇಟ್ಟ ಔಷಧಿ ವಾರ ಬಿಟ್ಟು ಇನ್ನೊಂದು ಪ್ರಾಣಿಯ ಬಾಯಿಗೆ ಹೋಗಬಹುದು.

ಮನೆಯಲ್ಲಿ ಸಾಕುವ ಮಾತು. ನಿಮ್ಮ ಮನಸ್ಸು ಅರ್ಥವಾಗುತ್ತದೆ. ಆದರೆ ನರಿ ಚಿಕ್ಕ ನಾಯಿಯಲ್ಲ. ಕಜ್ಜಿ ಹಿಡಿದ ನರಿಯನ್ನು ಟವಲ್‌ನಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಾಗ ಅದು ಗುರ್ರೆನ್ನುವುದಿಲ್ಲ, ಒದ್ದಾಡುವುದಿಲ್ಲ. ಮೈ ಸೆಟೆದುಕೊಂಡು ಮಲಗುತ್ತದೆ. ನೋಡಿದವರು ಸಾಧು ಅಂದುಕೊಳ್ಳುತ್ತಾರೆ. ಬೆರಳನ್ನು ಪಕ್ಕೆಗೆ ಇಟ್ಟರೆ ಎದೆ ಹೊಡೆದುಕೊಳ್ಳುವುದು ಎಣಿಸಲಾಗದಷ್ಟು ಜೋರು. ಸೊಂಟದ ಮೇಲೆ ಚರ್ಮ ಬೂದು ಬಣ್ಣದ ಹೆಕ್ಕಳೆಯಾಗಿ, ಬಿರುಕಿನಲ್ಲಿ ರಕ್ತ ಒಸರುತ್ತಿರುತ್ತದೆ. ಹುಳಿ ನಾತ. ರೆಪ್ಪೆಗಳು ಅಂಟಿಕೊಂಡಿರುತ್ತವೆ, ಬಿಸಿನೀರಿನ ಹತ್ತಿಯಲ್ಲಿ ನಿಧಾನ ಬಿಡಿಸಬೇಕು. ಆ ಕಣ್ಣು ತೆರೆದ ಕೂಡಲೇ ಅದು ಮಾಡುವ ಮೊದಲ ಕೆಲಸ ನಮ್ಮಿಂದ ದೂರ ಹೋಗಲು ದಾರಿ ಹುಡುಕುವುದು. ಮನುಷ್ಯರ ಹತ್ತಿರ ಇರುವುದೇ ಅದಕ್ಕೆ ಹಿಂಸೆ. ನಾಯಿ ಹಾಗಲ್ಲ, ನೋವಿದ್ದಾಗಲೂ ನಮ್ಮ ಮುಖ ನೋಡುತ್ತದೆ. ನಾಯಿಯ ಹುಬ್ಬನ್ನು ಒಳಬದಿಯಿಂದ ಮೇಲೆತ್ತುವ ಒಂದು ಸ್ನಾಯು ಇದೆ, ತೋಳದಲ್ಲಿ ಅದು ಅಷ್ಟಾಗಿ ಬೆಳೆದಿಲ್ಲ ಅಂತ 2019ರಲ್ಲಿ ತೋರಿಸಿಕೊಟ್ಟರು. ಸಾವಿರಾರು ವರ್ಷ ನಮ್ಮ ಜೊತೆ ಬದುಕಿದ್ದು ಮುಖದ ಮೇಲೇ ಬರೆದುಕೊಂಡಿದೆ.

ರಾತ್ರಿಪಾಳಿ:

ಹೆಜ್ಜೆಜಾಡು ಅವರೇ, ರಷ್ಯಾದಲ್ಲಿ ನರಿಗಳನ್ನು ನಾಯಿಯಂತೆ ಪಳಗಿಸಿದ್ದಾರಲ್ಲ? ಅದನ್ನೂ ಹೇಳಬೇಕಲ್ವಾ? 1959ರಲ್ಲಿ ಸೈಬೀರಿಯಾದಲ್ಲಿ ದ್ಮಿತ್ರಿ ಬೆಲ್ಯಾಯೆವ್ ಶುರು ಮಾಡಿದ್ದು, ಆಮೇಲೆ ಲ್ಯುದ್ಮಿಲಾ ತ್ರೂತ್ ನಡೆಸಿದ್ದು. ಮನುಷ್ಯರಿಗೆ ಹೆದರದ ನರಿಗಳನ್ನೇ ಆರಿಸಿ ಕೂಡಿಸುತ್ತಾ ಹೋದರು. ಕೆಲವೇ ತಲೆಮಾರಿನಲ್ಲಿ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ಮರಿಗಳು ಹುಟ್ಟಿದವು.

ಪಕ್ಕದ ಮನೆಯವರ ತಮ್ಮ ಹೇಳಿದ ಕಾಡುನಾಯಿ ಬಗ್ಗೆಯೂ ಒಂದೆರಡು ಮಾತು, ಅದು ನನ್ನ ಇಷ್ಟದ ಪ್ರಾಣಿ. ಏಷ್ಯಾದ ಕೆನ್ನಾಯಿ 12ರಿಂದ 20 ಕಿಲೋ ತೂಗುತ್ತದೆ, ಗುಂಪಿನಲ್ಲೇ ಇರುತ್ತದೆ. ಪೊದೆಯೊಳಗೆ ಚದುರಿ ಹೋದಾಗ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ನಾಯಿಗೆ 42 ಹಲ್ಲಾದರೆ ಅದಕ್ಕೆ 40, ಕೆಳದವಡೆಯಲ್ಲಿ ಎರಡು ಪಕ್ಕಕ್ಕೂ ಒಂದೊಂದು ದವಡೆಹಲ್ಲು ಕಡಿಮೆ. ಆಫ್ರಿಕಾದ ಕಾಡುನಾಯಿಗೆ ಮುಂಗಾಲಲ್ಲೂ ನಾಲ್ಕೇ ಬೆರಳು, ನಾಯಿಗಿರುವ ಐದನೆಯದು ಇಲ್ಲ. ಮೈಮೇಲಿನ ಮಚ್ಚೆ ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಬೇಟೆ ಬಿದ್ದ ಮೇಲೆ ಮೊದಲು ತಿನ್ನುವುದು ಮರಿಗಳು. ಹೊರಡುವ ಮೊದಲು ಸೀನುತ್ತವೆ, ಸೀನು ಜಾಸ್ತಿಯಾದಷ್ಟೂ ಗುಂಪು ಎದ್ದು ಹೊರಡುವುದು ಹೆಚ್ಚು ಅಂತ ಬೋಟ್ಸ್ವಾನಾದಲ್ಲಿ ಮಾಡಿದ ಅಧ್ಯಯನ 2017ರಲ್ಲಿ ಬಂತು. ಇವೆರಡೂ ಒಂಟಿಯಾಗಿ ಬೇಲಿ ಪಕ್ಕ ಬಿಸಿಲು ಕಾಯುವ ಪ್ರಾಣಿಗಳಲ್ಲ.

ಹೆಜ್ಜೆಜಾಡು:

ಒಳ್ಳೆಯ ಪ್ರಶ್ನೆ. ಸೈಬೀರಿಯಾದ ನರಿಗಳು ಕಾಡಿನಿಂದ ಹಿಡಿದು ತಂದವಲ್ಲ. ತುಪ್ಪಳಕ್ಕಾಗಿ ಸಾಕಿದ ಫಾರಂಗಳಿಂದ ಬಂದವು, ಅವುಗಳ ಮೂಲ ಕೆನಡಾದ ಫಾರಂಗಳು. ಮಚ್ಚೆ ಮೈಯಂಥ ಗುಣಗಳು ಈ ಪ್ರಯೋಗಕ್ಕೆ ಮೊದಲೇ ಆ ಫಾರಂ ನರಿಗಳಲ್ಲಿ ಇದ್ದವು ಅಂತ 2019ರಲ್ಲಿ ಬೇರೆ ಸಂಶೋಧಕರು ಎತ್ತಿ ತೋರಿಸಿದರು. ಸ್ವಭಾವ ಬದಲಾದದ್ದು ಮಾತ್ರ ನಿಜ. ಆದರೆ ಅದು ಆದದ್ದು ಪ್ರತಿ ತಲೆಮಾರಲ್ಲೂ ಕೆಲವನ್ನಷ್ಟೇ ಆರಿಸಿದ್ದರಿಂದ. ಮುದ್ದು ಮಾಡಿದ್ದರಿಂದ ಅಲ್ಲ. ಕಾಡಿನ ಒಂದು ನರಿಯನ್ನು ತಂದು ಎಷ್ಟು ಪ್ರೀತಿಯಿಂದ ಸಾಕಿದರೂ ಅದು ಆ ನರಿಯಾಗುವುದಿಲ್ಲ.

ಕಾಡುನಾಯಿ ಬಗ್ಗೆ ನೀವು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಕೆನ್ನಾಯಿ ಗುಂಪು ಕಟ್ಟುವುದು ತನಗಿಂತ ದೊಡ್ಡದನ್ನು ಬೀಳಿಸಲು. ನರಿಯ ಊಟ ಇಲಿ, ಮೊಲ, ಹುಳುಹುಪ್ಪಟೆ, ಹಣ್ಣು. ಒಂದು ಇಲಿಯನ್ನು ನಾಲ್ವರು ಹಂಚಿಕೊಂಡು ಏನು ಮಾಡುವುದು? ಅದಕ್ಕೇ ಒಂಟಿ ಬೇಟೆ. ಹಾಗಂತ ಒಂಟಿ ಬಾಳಲ್ಲ. ಗಂಡುಹೆಣ್ಣು ಜೋಡಿಯಾಗಿ ಒಂದೇ ಸರಹದ್ದಿನಲ್ಲಿರುತ್ತವೆ, ಹಿಂದಿನ ವರ್ಷದ ಮಗಳು ಉಳಿದುಕೊಂಡು ಹೊಸ ಮರಿಗಳಿಗೆ ಆಹಾರ ತರುವುದೂ ಉಂಟು. ಹೆಣ್ಣು ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ, ಗರ್ಭ ನಿಲ್ಲುವುದು ಅದರಲ್ಲಿ ಸುಮಾರು ಮೂರು ದಿನ. ಚಳಿಗಾಲದ ರಾತ್ರಿ ಹೆಂಗಸು ಕಿರುಚಿದ ಹಾಗೆ ಸದ್ದು ಬಂದರೆ ಅದು ಈ ಸಮಯದ್ದು. ಸುಮಾರು 52 ದಿನಕ್ಕೆ ಮರಿ. ನಾಯಿಗೆ 63.

ಬಯಲಂಚು ಅವರೇ, ನಿಮ್ಮ ನರಿಗೆ ಜೋಡಿ ಇದ್ದರೆ ಅದಕ್ಕೂ ಕಜ್ಜಿ ಹತ್ತಿರಬಹುದು. ಒಂದೇ ಬಿಲದಲ್ಲಿ ಮಲಗುವುದರಿಂದ ಹರಡುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1994ರಲ್ಲಿ ಶುರುವಾದ ಕಜ್ಜಿ ಎರಡು ವರ್ಷದಲ್ಲಿ ಅಲ್ಲಿನ ನರಿಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚನ್ನು ಮುಗಿಸಿತ್ತು. ಕ್ಯಾಮೆರಾದಲ್ಲಿ ಇನ್ನೊಂದು ನರಿ ಸಿಕ್ಕರೆ ಬಾಲದ ಬುಡ, ಹಿಂದೊಡೆ ನೋಡಿ, ಕೂದಲು ಹೋಗುವುದು ಹೆಚ್ಚಾಗಿ ಅಲ್ಲಿಂದಲೇ.

ಬಯಲಂಚು:

ಹಳೆಯ ಫೋಟೋ ತೆಗೆದು ನೋಡಿದೆ. ಇನ್ನೊಂದು ನರಿ ಇದೆ, ಅದರ ತುಪ್ಪಳ ಚೆನ್ನಾಗಿದೆ. ನೆಗೆದದ್ದು ಉತ್ತರಕ್ಕೆ, ಬಾಯಲ್ಲಿ ಏನೋ ಹಿಡಿದು ಹೋಗಿದ್ದೂ ಕಾಣುತ್ತದೆ. ನಾಯಿಗೆ ಲಸಿಕೆ ಹಾಕಿಸಿದೆ. ನಮ್ಮ ಕಡೆ ಕಾಡುಪ್ರಾಣಿಗಳಿಗೆ ಚಿಕಿತ್ಸೆ ಕೊಡುವವರ ನಂಬರ್ ಸಿಕ್ಕಿದೆ. ಅವರನ್ನು ಈಗಲೇ ಕರೆಯಲೋ, ತಾನಾಗಿ ಗುಣವಾಗುತ್ತದಾ ಅಂತ ಕಾದು ನೋಡಲೋ?

ಹೆಜ್ಜೆಜಾಡು:

ಈಗಲೇ ಫೋನ್ ಮಾಡಿ, ಫೋಟೋ, ವಿಡಿಯೋ ಎರಡನ್ನೂ ಕಳಿಸಿ. ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಬೋನು ಇಟ್ಟು ಹಿಡಿಯಬೇಕಾದರೆ ಅವರಿಗೆ ಅದೇ ಬೇಕಾಗುವುದು. ತಾನಾಗಿ ಚೇತರಿಸಿಕೊಳ್ಳುವ ನರಿಗಳೂ ಇವೆ. ಹಾಗಾದರೆ ಮೊದಲು ಬೋಳು ಜಾಗದಲ್ಲಿ ಮೆತ್ತನೆ ಗಿಡ್ಡ ಕೂದಲು ಕಾಣಿಸುತ್ತದೆ, ಬಾಲ ತುಂಬಿಕೊಳ್ಳುವುದು ಎಷ್ಟೋ ತಡ. ಆದರೆ ಇದರ ಹೆಕ್ಕಳೆ ಈಗಾಗಲೇ ಸೊಂಟ ದಾಟಿ ಭುಜದ ಹತ್ತಿರ ಬಂದಿದೆ, ಕಾದು ನೋಡುವ ಹಂತ ಇದಲ್ಲ. ಅವರು ಬರುವ ತನಕ ದಿನಾ ಕಣ್ಣಿನ ಫೋಟೋ ಗಮನಿಸಿ. ಎರಡೂ ಕಣ್ಣು ಮುಚ್ಚಿಕೊಂಡಿದ್ದು ಕಂಡರೆ ಅದಕ್ಕೆ ಬೇಟೆ ಸಿಗುವುದಿಲ್ಲ. ಆಗ ಬೆಳಗಾಗಲಿ ಅಂತ ಕೂರಬೇಡಿ, ರಾತ್ರಿಯಾದರೂ ಅವರಿಗೆ ಮತ್ತೆ ಫೋನ್ ಮಾಡಿ.